ಬಾಲದಲ್ಲಿ ಅಡಗಿದ ಮರ್ಯಾದೆ

ಬಹಳ ಬಹಳ ಹಿಂದೆ, ಏಳು ಕಡಲುಗಳಾಚೆ, ಇಟಾಲಿಯನ್ ನುಡಿಯಾಡುವ ಒಂದು ರಾಜ್ಯವಿತ್ತು. ಅಲ್ಲೊಬ್ಬ ಮಾಂತ್ರಿಕ ಹಾಡುಗಾರರ ದನಿ ನುಂಗಿ ಅವರನ್ನು ಕಲ್ಲು ಮಾಡುತ್ತಿದ್ದ. 'ಹಾಡುತ್ತೀರಾ' ಎಂದು ಯಾರಾದರೂ ಆ ನುಡಿಯಲ್ಲಿ ತಕ್ಕ ಮರ್ಯಾದೆಯಿಂದ ಕೇಳಿದರೆ ಮಾತ್ರ ಅವನು ಬಾಯಿ ತೆರೆದು ಹಾಡಲೇಬೇಕು. ಅದು ಅವನ ಮಾಯೆಯ ಕಟ್ಟು. ಆದರೆ ಅಲ್ಲಿಯವರು ಅವನಿಗೆ ಹಿಡಿಶಾಪ ಹಾಕುತ್ತಿದ್ದರೇ ಹೊರತು, ಮರ್ಯಾದೆ ಕೊಡುವವರಾರು?

ಕನ್ನಡ ನಾಡಿನಿಂದ ಹಾಡಲು ಹೋದ ಬೊಮ್ಮರಸನೂ ಅಲ್ಲಿ ಕಲ್ಲಾದ. ಸುದ್ದಿ ಕೇಳಿ ಅವನ ತಂಗಿ ಸುರಗಿ ಹೊರಟೇಬಿಟ್ಟಳು.

ಆ ರಾಜ್ಯದ ಗಡಿಯಲ್ಲಿದ್ದ ಒಬ್ಬ ಅಜ್ಜಿ ಮಾಂತ್ರಿಕನ ಕಟ್ಟನ್ನು ತಿಳಿಸಿ, ಅವಳಿಗೆ ಒಂದೇ ಕ್ರಿಯಾಪದ ಕಲಿಸಿದಳು. "ಕಾಂತಾರೆ ಅಂದರೆ ಹಾಡುವುದು, ಮಗಳೇ. ಕೊನೆಯ 'ಆರೆ' ಕಿತ್ತುಹಾಕಿ ಬೇರೆ ಬಾಲ ಕಟ್ಟು. ನಾನಾದರೆ ಕಾಂತೊ, ನೀನಾದರೆ ಕಾಂತಿ, ಅವನೋ ಅವಳೋ ಆದರೆ ಕಾಂತ."

ಸುರಗಿ ನಾಚಿದಳು.

"ನಿನ್ನ ಗಂಡನಲ್ಲ ಕಣೇ, ಬರೀ ಕ್ರಿಯಾಪದ," ಎಂದಳು ಅಜ್ಜಿ. "ನಾವಾದರೆ ಕಾಂತ್ಯಾಮೊ, ನೀವಾದರೆ ಕಾಂತಾತೆ, ಅವರಾದರೆ ಕಾಂತನೊ."

ಮಾಂತ್ರಿಕನ ಕೋಟೆಯ ಮೊದಲ ಬಾಗಿಲಲ್ಲಿ ಸಿಂಹ ಅಡ್ಡಗಟ್ಟಿತು. "ಹಾಡುವವರು ಯಾರು?"

"ಕಾಂತೊ."

"'ನಾನು' ಅನ್ನುವುದೆಲ್ಲಿ?"

"ಬಾಲದಲ್ಲಿದೆ. ನಮ್ಮಲ್ಲೂ 'ಹಾಡುತ್ತೇನೆ' ಅಂದರೆ ಸಾಕು."

ಸಿಂಹ ತನ್ನ ಬಾಲ ನೋಡಿಕೊಂಡು ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಎರಡು ತಲೆಯ ಹಾವು. "ನೀನೂ ನಾವೂ ಸೇರಿದರೆ?"

"ಕಾಂತ್ಯಾಮೊ," ಎಂದಳು ಸುರಗಿ. ಹಾವು ಎರಡು ಬಾಯಲ್ಲೂ ದನಿಗೂಡಿಸಿ ದಾರಿ ಬಿಟ್ಟಿತು.

ಮೂರನೆಯ ಬಾಗಿಲಾಚೆ ಮಾಂತ್ರಿಕ ಕೂತಿದ್ದ. ಪಕ್ಕದಲ್ಲೇ ಕಲ್ಲಾಗಿ ನಿಂತ ಅಣ್ಣ. ದೊಡ್ಡವರನ್ನು 'ನೀವು' ಎಂದೇ ಕರೆದು ಬೆಳೆದ ಸುರಗಿ ಕೈಮುಗಿದು ಕೇಳಿದಳು: "ಕಾಂತಾತೆ?"

ಅವಳ ಪಾದಗಳು ಕಲ್ಲಾದವು.

"ಒಬ್ಬನೇ ಕೂತಿದ್ದೇನಲ್ಲೇ, ಹುಡುಗಿ," ಮಾಂತ್ರಿಕ ನಕ್ಕ. "ನಿನ್ನ ಕಣ್ಣಿಗೆ ಜಾತ್ರೆಯಂತೆ ಕಾಣುತ್ತೇನೆಯೇ?"

ಕಲ್ಲು ಮೊಣಕಾಲಿಗೇರಿತು. 'ಕಾಂತಿ' ಎಂದರೆ 'ನೀನು' ಎಂದಂತೆ, ಮರ್ಯಾದೆಯೇ ಇಲ್ಲ. ಕಲ್ಲು ಸೊಂಟಕ್ಕೇರಿತು. ಆಗ ಸುರಗಿಗೆ ತಮ್ಮೂರ ಅರಮನೆಯ ಮಾತು ನೆನಪಾಯಿತು. ದೊರೆ ಎದುರಿಗಿದ್ದರೂ ಅಲ್ಲಿ ಯಾರೂ 'ನೀವು ಬನ್ನಿ' ಎನ್ನುವುದಿಲ್ಲ. ಬೇರೆ ಯಾರ ಬಗ್ಗೆಯೋ ಹೇಳುವಂತೆ 'ಪ್ರಭುಗಳು ದಯಮಾಡಿಸಬೇಕು' ಎನ್ನುತ್ತಾರೆ. ಹಾಗಾದರೆ ಇಲ್ಲಿಯೂ ಒಬ್ಬರಿಗೆ ಕೊಡುವ ಮರ್ಯಾದೆ 'ನೀವು' ಎಂಬುದರಲ್ಲಿಲ್ಲ, 'ಅವನೋ ಅವಳೋ' ಎಂಬುದರ ಬಾಲದಲ್ಲಿದೆ.

ತಲೆಬಾಗಿ, ಸ್ಪಷ್ಟವಾಗಿ ಕೇಳಿದಳು: "ಕಾಂತ?"

ಮಾಂತ್ರಿಕನ ಮುಖ ಬಿಳಿಚಿಕೊಂಡಿತು. ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡ. ಆದರೂ ಒಳಗಿಂದ "ಕಾಂತೊ" ಎಂಬ ಉತ್ತರ ನುಗ್ಗಿಬಂತು. ಹಾಡುತ್ತೇನೆ ಎಂದ ಮೇಲೆ ಹಾಡಲೇಬೇಕಲ್ಲ. ಬಾಯಿ ತೆರೆದದ್ದೇ ತಡ, ನುಂಗಿದ ದನಿಗಳೆಲ್ಲ ಹೊರಗೆ ಹಾರಿ ತಂತಮ್ಮ ಗಂಟಲು ಸೇರಿದವು. ಮಾಂತ್ರಿಕನಿಗೆ ಉಳಿದದ್ದು ಒಂದು ಕೆಮ್ಮು ಮಾತ್ರ.

ಸುರಗಿಯ ಕಾಲುಗಳಿಗೆ ಜೀವ ಬಂತು. ಬೊಮ್ಮರಸ ಕಣ್ಣು ಬಿಟ್ಟ. "ಇಷ್ಟು ತಡವಾಯಿತಲ್ಲ ತಂಗಿ?"

"ವ್ಯಾಕರಣ ಕಲಿತು ಬಂದೆ, ಅಣ್ಣ."

ಕಲ್ಲಾಗಿದ್ದವರೆಲ್ಲ ಎದ್ದು ಹಾಡಿದರು, ಊರಿಗೆ ಊರೇ ಹಾಡಿತು. ಆ ರಾಜ್ಯದಲ್ಲಿ ಮತ್ತೆಂದೂ ಯಾರ ದನಿಯೂ ಕಳೆದುಹೋಗಲಿಲ್ಲ. ಆ ಹಾಡುಗಾರರ ಸುದ್ದಿ ಯಾರು ಕೇಳಿದರೂ ಅಲ್ಲಿ ಇಂದಿಗೂ ಹೇಳುವುದು ಒಂದೇ ಮಾತು: ಕಾಂತನೊ, ಹಾಡುತ್ತಿದ್ದಾರೆ.