ನೆಲದ ದಾಹ ಕದ್ದವನು

ಬಲು ಹಿಂದೆ, ಬೆಟ್ಟಗಳಿಗೆ ಮನುಷ್ಯರ ಮಾತು ಕೇಳಿಸುತ್ತಿದ್ದ ಕಾಲದಲ್ಲಿ, ಹೊಂಬಂಡೆ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಹೊಳೆ ಇರಲಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆಯೇ ಅದಕ್ಕೆ ಹೊಳೆ. ಬಂಡೆಯಿಂದ ಇಳಿದ ನೀರು ಮೊದಲು ಮೇಲ್ಕೆರೆ ತುಂಬಬೇಕು, ಅದರ ಕೋಡಿ ಬಿದ್ದು ನಡುಕೆರೆ ತುಂಬಬೇಕು, ಅದೂ ತುಂಬಿ ಮಿಕ್ಕಿದ್ದು ತಳಕೆರೆಗೆ ಇಳಿಯಬೇಕು. ಹೀಗೆ ಒಂದೇ ಮಳೆಯನ್ನು ಮೂರು ಸಲ ಹಿಡಿದು ಆ ಜನ ಬಾಳುತ್ತಿದ್ದರು.

ಮೂರು ಕೆರೆಗಳನ್ನೂ ಕಾಯುತ್ತಿದ್ದವಳು ದೇವೀರಿ. ಇಪ್ಪತ್ತೆರಡರ ಪ್ರಾಯ, ಗಟ್ಟಿ ಕೈಕಾಲು, ಮಾತು ಕಡಿಮೆ. ಅವಳ ಅಪ್ಪ ನೀರುಗಂಟಿ. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ಸರದಿ ನೋಡಿ ಬಿಡುವುದು ಅವನ ಕೆಲಸ. ಅವನು ತೀರಿಕೊಂಡ ಮೇಲೆ ಅವನ ಸಲಿಕೆಯೂ ಗಳಿಗೆಬಟ್ಟಲೂ ಮಗಳ ಕೈಗೆ ಬಂದಿದ್ದವು. ಗಳಿಗೆಬಟ್ಟಲೆಂದರೆ ತಳದಲ್ಲಿ ಸೂಜಿಯಷ್ಟು ತೂತಿರುವ ತಾಮ್ರದ ಬಟ್ಟಲು. ನೀರಿನ ಮೇಲೆ ಬಿಟ್ಟರೆ ನಿಧಾನಕ್ಕೆ ತುಂಬಿ ಮುಳುಗುತ್ತದೆ. ಒಮ್ಮೆ ಮುಳುಗಿದರೆ ಒಬ್ಬನ ಸರದಿ ಮುಗಿಯಿತು. ದೊರೆಯ ಗದ್ದೆಗೂ ಅದೇ ಬಟ್ಟಲು, ಕುರಿ ಕಾಯುವವನ ತುಂಡುಹೊಲಕ್ಕೂ ಅದೇ ಬಟ್ಟಲು.

ಒಂದು ವರ್ಷ ಮುಂಗಾರಿನ ಮೊದಲ ಮಳೆ ಮೂರು ಹಗಲು ಸುರಿಯಿತು. ಜನ ಕುಣಿದರು. ದೇವೀರಿ ಮಾತ್ರ ಏರಿಯ ಮೇಲೆ ನಿಂತು ಹುಬ್ಬು ಗಂಟಿಕ್ಕಿದಳು. ಕೆಸುವಿನ ಎಲೆಯ ಮೇಲೆ ಜಾರುವ ಹಾಗೆ ನೀರು ನೆಲದ ಮೇಲೆ ಜಾರುತ್ತಿತ್ತು. ಒಂದು ಹನಿಯೂ ಒಳಗಿಳಿಯಲಿಲ್ಲ. ಬೆಟ್ಟದ ನೀರೆಲ್ಲ ಒಂದೇ ಏಟಿಗೆ ನುಗ್ಗಿತು. ನೀರು ಕುಡಿಯದ ಮಣ್ಣಿಗೆ ಅಂಟೆಲ್ಲಿಯದು? ಮೂರು ಏರಿಗಳೂ ಹಿಟ್ಟಿನ ರಾಶಿಯಂತೆ ಕುಸಿದವು. ನಾಲ್ಕನೆಯ ದಿನ ಅವಳು ಸಲಿಕೆಯಿಂದ ಮೊಣಕೈಯುದ್ದ ಅಗೆದು ನೋಡಿದಳು. ಅಷ್ಟು ಮಳೆಯ ಕೆಳಗೆ ಬರೀ ಬಿಸಿ ದೂಳು! ವಾರ ಕಳೆಯುವಷ್ಟರಲ್ಲಿ ಬಾವಿಗಳೂ ಬತ್ತಿದವು.

ಆಗ ಅರಮನೆಗೆ ಒಬ್ಬ ಬಂದ. ತಾಳೆಮರದಷ್ಟು ಎತ್ತರ, ಕಡ್ಡಿಯಂಥ ಕೈಕಾಲು. ಅವನೇ ಮಂತ್ರವಾದಿ ಶುಷ್ಕಾಂಗ.

"ದೊರೆ ಚಂದರಸ, ನಾನು ನಿನ್ನ ಮಳೆ ಕದ್ದಿಲ್ಲ," ಎಂದ ಅವನು. "ಮಳೆ ಆಕಾಶದ್ದು. ನಾನು ಕದ್ದದ್ದು ನಿನ್ನ ನೆಲದ ದಾಹವನ್ನು. ದಾಹ ಈಗ ನನ್ನ ಗಡಿಗೆಯಲ್ಲಿದೆ. ದಾಹವಿಲ್ಲದ ನೆಲ ನೀರು ಕುಡಿಯುವುದಿಲ್ಲ. ಬಿದ್ದದ್ದೆಲ್ಲ ಹರಿದು ನನ್ನ ಕೊಳಕ್ಕೆ ಬರುತ್ತದೆ. ಹುಣ್ಣಿಮೆಯ ದಿನ ಕಿರೀಟ ತಂದು ನನ್ನ ಕಾಲ ಬಳಿ ಇಡು. ಆಮೇಲೆ ನಿನ್ನ ಜನಕ್ಕೆ ದಿನಕ್ಕೊಂದು ಚೊಂಬು ನೀರು ಕೊಡುತ್ತೇನೆ."

ಇಷ್ಟು ಹೇಳಿ ಅವನು ಸುಂಟರಗಾಳಿಯಾಗಿ ಹೊರಟುಹೋದ. ಚಂದರಸ ಒಳ್ಳೆಯ ದೊರೆ, ಆದರೆ ವಯಸ್ಸಾಗಿತ್ತು. ಅವನು ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಜನ ಬದುಕಿದರೆ ಸಾಕು," ಎಂದ.

ದೇವೀರಿ ಮುಂದೆ ಬಂದಳು. "ಬುದ್ಧಿ, ಹುಣ್ಣಿಮೆಗೆ ಇನ್ನೂ ಒಂಬತ್ತು ದಿನ ಇದೆ. ನೀರು ಹೋದ ದಾರಿ ನೆಲದ ಮೇಲೆ ಗೀರು ಬಿಟ್ಟೇ ಹೋಗಿರ್ತದೆ. ಅದನ್ನ ಹಿಡಿದು ನಾನು ಹೋಗ್ತೀನಿ. ದಾಹ ತಂದೇ ತರ್ತೀನಿ."

"ಒಬ್ಬಳೇ ಹೋಗ್ತೀಯಾ ತಾಯಿ?"

"ಹೋಗೋದಕ್ಕೆ ಒಬ್ಬಳು ಸಾಕು. ಇಲ್ಲಿರೋ ಕೆಲಸಕ್ಕೆ ಎಲ್ಲರೂ ಬೇಕು. ದಾಹ ಬಂದರೆ ಅದರ ಹಿಂದೆ ನೀರೂ ನುಗ್ಗಿ ಬರ್ತದೆ, ತಾಳ್ಮೆಯಿಂದ ಬರೋದಿಲ್ಲ. ಅಷ್ಟರೊಳಗೆ ಮೂರು ಕೆರೆಯ ಹೂಳು ಎತ್ತಿ, ಏರಿ ಕಟ್ಟಿ, ಕೋಡಿ ಸರಿಮಾಡಿ."

ಕಲ್ಲುಕುಟಿಗ ಮಾದಯ್ಯ ಸಿಡುಕಿದ. "ಅಲ್ಲ ಮಗಳೇ, ಮಣ್ಣು ಮಣ್ಣಿಗೇ ಅಂಟ್ತಾ ಇಲ್ಲ. ಏರಿ ಹೆಂಗೆ ಕಟ್ಟೋದು?"

"ಮಣ್ಣು ಅಂಟದಿದ್ದರೆ ಕಲ್ಲು ಜೋಡಿಸು ಮಾಮ. ಬೆಟ್ಟದ ತುಂಬ ಕಲ್ಲೇ ಇದೆಯಲ್ಲ."

ಮಾದಯ್ಯ ಗಡ್ಡ ಕೆರೆದುಕೊಂಡ. "ಅದೂ ನಿಜ ಅನ್ನು," ಎಂದು ಉಳಿ ಹುಡುಕಲು ಹೋದ.

ದೇವೀರಿ ಹೆಗಲ ಮೇಲೆ ಸಲಿಕೆ, ಸೊಂಟದಲ್ಲಿ ಬಟ್ಟಲು, ಮಡಿಲಲ್ಲಿ ಹುರಿಗಡಲೆ ಇಟ್ಟುಕೊಂಡು ನೀರಿನ ಗೀರು ಹಿಡಿದು ನಡೆದಳು. ಒಂದು ದಿನ ನಡೆದಳು, ಎರಡು ದಿನ ನಡೆದಳು. ಮೂರನೆಯ ಬೆಳಗ್ಗೆ ಒಂದು ಆಳವಾದ ಕಾಲುವೆ ಸಿಕ್ಕಿತು. ಅದರ ಅಡ್ಡಕ್ಕೆ ಹೂಳಿನಿಂದಲೇ ಹುಟ್ಟಿದ ಒಂದು ಮೊಸಳೆ ಮಲಗಿತ್ತು. ಆನೆಯಷ್ಟು ದೊಡ್ಡದು, ಬಾಯಿ ಅಗಲಕ್ಕೆ ತೆರೆದಿತ್ತು.

"ಬಂದವರೆಲ್ಲ ನನ್ನನ್ನು ಕತ್ತಿಯಿಂದ ಕಡಿದರು," ಎಂದಿತು ಮೊಸಳೆ ಗೊಗ್ಗರು ದನಿಯಲ್ಲಿ. "ಕಡಿದಷ್ಟೂ ನಾನು ಬೆಳೆದೆ. ಆಮೇಲೆ ಅವರನ್ನೇ ಹೂಳಿನಲ್ಲಿ ಮುಳುಗಿಸಿದೆ. ನೀನು ಏನು ತಂದಿದ್ದೀಯ?"

ದೇವೀರಿ ಹತ್ತಿರ ಹೋದಳು. ಅದರ ಬಾಯೊಳಕ್ಕೆ ಬಗ್ಗಿ ನೋಡಿದಳು. ಗಂಟಲ ತುಂಬ ಕೆಸರು, ಬೇರು, ಕಲ್ಲು. ತೂಬು ಕಟ್ಟಿಕೊಂಡಾಗ ಅಪ್ಪ ಅದನ್ನು ಒಡೆಯುತ್ತಿರಲಿಲ್ಲ. ಒಳಗಿಳಿದು ಕೈಯಿಂದ ತೆಗೆಯುತ್ತಿದ್ದ.

"ನಿನಗೆ ಬಾಯಿ ಮುಚ್ಚೋಕೆ ಆಗಿ ಎಷ್ಟು ದಿನ ಆಯ್ತು?" ಎಂದು ಕೇಳಿದಳು.

ಮೊಸಳೆಯ ಕಣ್ಣಲ್ಲಿ ನೀರು ಬಂತು. "ಲೆಕ್ಕ ಮರೆತಿದ್ದೇನೆ," ಎಂದಿತು.

ಅವಳು ಸೆರಗು ಬಿಗಿದು ಆ ಹಲ್ಲುಗಳ ನಡುವೆ ಇಳಿದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಸಲಿಕೆ ಸಲಿಕೆಯಾಗಿ ಹೂಳು ತೆಗೆದು ಹೊರಗೆ ಎಸೆದಳು. ಕೊನೆಯ ಬೇರು ಕಿತ್ತಾಗ ಮೊಸಳೆ ದೊಡ್ಡದಾಗಿ ಉಸಿರೆಳೆದು, ಅವಳು ಹೊರಬರುವವರೆಗೆ ಕಾದು, ಮೆಲ್ಲನೆ ಬಾಯಿ ಮುಚ್ಚಿತು. "ಹೋಗು ತಂಗಿ. ಬರುವಾಗಲೂ ಇದೇ ದಾರಿಯಲ್ಲಿ ಬಾ," ಎಂದು ದಾರಿ ಬಿಟ್ಟಿತು.

ಇನ್ನೂ ಒಂದು ದಿನ ನಡೆದಳು. ಎರಡು ಬಂಡೆಗಳ ನಡುವೆ ಸಂದಿ, ಸಂದಿಯಲ್ಲಿ ಹರಿಯುವ ನೀರು, ನೀರಿನ ಪಕ್ಕದಲ್ಲಿ ಬಾಯಾರಿ ಸಾಯುತ್ತಿದ್ದ ಎರಡು ತಲೆಯ ಹಾವು. ಎಡದ ತಲೆ ಕುಡಿಯಲು ಬಗ್ಗಿದರೆ ಬಲದ ತಲೆ ಕಚ್ಚುತ್ತಿತ್ತು. ಬಲದ್ದು ಬಗ್ಗಿದರೆ ಎಡದ್ದು ಕಚ್ಚುತ್ತಿತ್ತು.

"ನಿಲ್ಲು!" ಎಂದು ಎರಡೂ ಬುಸುಗುಟ್ಟಿದವು. "ನೀನು ಯಾರ ಕಡೆ?"

"ನಾನು ಬಟ್ಟಲ ಕಡೆ," ಎಂದಳು ದೇವೀರಿ.

ಅವಳು ಗಳಿಗೆಬಟ್ಟಲನ್ನು ನೀರು ನಿಂತ ಗುಂಡಿಯಲ್ಲಿ ತೇಲಿಬಿಟ್ಟಳು. "ಇದು ಮುಳುಗುವವರೆಗೆ ಹೆಚ್ಚು ಬಳಲಿದ ತಲೆ ಕುಡೀಲಿ. ಆಮೇಲೆ ಇನ್ನೊಂದು. ನಾನು ಕಾಯ್ತೀನಿ. ಮೋಸ ಆದರೆ ಇಬ್ಬರೂ ನನ್ನನ್ನೇ ಕಚ್ಚಿ."

ಎಡದ ತಲೆ ಕುಡಿಯಿತು. ಬಲದ ತಲೆ ಬಟ್ಟಲಿನಿಂದ ಕಣ್ಣು ಕೀಳಲಿಲ್ಲ. ಬಟ್ಟಲು ಮುಳುಗಿತು. ಬಲದ ತಲೆ ಕುಡಿಯಿತು. ಮೂರು ಸರದಿಯಾಗುವಷ್ಟರಲ್ಲಿ ಎರಡು ತಲೆಗಳೂ ಒಂದರ ಮೇಲೊಂದು ಒರಗಿ ಕಣ್ಣು ಮುಚ್ಚಿದ್ದವು. "ಆ ಬಟ್ಟಲು ಇಲ್ಲೇ ಬಿಟ್ಟು ಹೋಗ್ತೀಯಾ?" ಎಂದು ಕೇಳಿತು ಒಂದು. ಅಪ್ಪನ ಬಟ್ಟಲು ಅದು. ದೇವೀರಿ ಒಂದು ಕ್ಷಣ ಅದನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಗುಂಡಿಯಲ್ಲಿ ತೇಲಿಬಿಟ್ಟು ಮುಂದೆ ನಡೆದಳು.

ಐದನೆಯ ದಿನ ಶುಷ್ಕಾಂಗನ ಕೊಳ ಕಂಡಿತು. ಕೊಳವಲ್ಲ, ಸಮುದ್ರ! ಹೊಂಬಂಡೆಯ ಮಳೆಯೆಲ್ಲ ಅಲ್ಲಿ ಕಪ್ಪಗೆ ನಿಂತಿತ್ತು. ದಡದಲ್ಲಿ ಒಂದೇ ಅಳತೆಯ, ಒಂದೇ ಬಣ್ಣದ ನೂರು ಗಡಿಗೆಗಳು ಸಾಲಾಗಿದ್ದವು.

ಶುಷ್ಕಾಂಗ ನಕ್ಕ. "ಇಲ್ಲಿಯವರೆಗೆ ಬಂದವಳು ನೀನೊಬ್ಬಳೇ. ನೋಡು, ಒಂದು ಗಡಿಗೆಯಲ್ಲಿ ದಾಹವಿದೆ. ಉಳಿದ ತೊಂಬತ್ತೊಂಬತ್ತರಲ್ಲಿ ಸಾವಿದೆ. ಒಂದನ್ನು ಮಾತ್ರ ಮುಟ್ಟು."

ದೇವೀರಿ ಯಾವುದನ್ನೂ ಮುಟ್ಟಲಿಲ್ಲ. ಕೊಳಕ್ಕೆ ಕೈ ಅದ್ದಿ, ಮದುವೆಮನೆಯಲ್ಲಿ ಪನ್ನೀರು ಚಿಮುಕಿಸುವ ಹಾಗೆ, ಸಾಲಿನುದ್ದಕ್ಕೂ ಹನಿ ಚಿಮುಕಿಸುತ್ತ ನಡೆದಳು. ಒಂದು ಗಡಿಗೆಯ ಮೇಲೆ ಹನಿ ಉರುಳಿತು. ಇನ್ನೊಂದರ ಮೇಲೂ ಉರುಳಿತು. ಅರವತ್ತೇಳನೆಯದರ ಮೇಲೆ ಬಿದ್ದ ಹನಿ ಚುರ್ ಎಂದು ಮಾಯವಾಯಿತು.

ಅವಳು ಅದನ್ನು ಎತ್ತಿಕೊಂಡಳು. ಎತ್ತಿದ ಕೂಡಲೇ ಗಡಿಗೆ ಅವಳ ಬಲಗೈಗೆ ಅಂಟಿಕೊಂಡು ಅವಳ ಮೈಯ ನೀರನ್ನೇ ಹೀರತೊಡಗಿತು.

"ಎತ್ತಿದೆ ಸರಿ, ಇಳಿಸುವುದು ಹೇಗೆ?" ಎಂದು ಶುಷ್ಕಾಂಗ ಚಪ್ಪಾಳೆ ತಟ್ಟಿದ. "ನಿನ್ನೂರು ಮುಟ್ಟುವ ಮುಂಚೆ ನೀನು ಒಣ ಸೌದೆಯಾಗಿರುತ್ತೀಯ. ಹೋಗು!"

ಗಡಿಗೆಯನ್ನು ಅಲ್ಲೇ ಒಡೆದಿದ್ದರೆ ಅದು ಅವಳ ಕೈ ಬಿಡುತ್ತಿತ್ತು. ಆದರೆ ದಾಹ ಅವನ ನೆಲಕ್ಕೆ ಇಳಿಯುತ್ತಿತ್ತು. ಬೆಟ್ಟದ ನೆತ್ತಿಯಲ್ಲಿ ಒಡೆದರೆ ಮಾತ್ರ ಅದು ಇಳಿಜಾರಿನುದ್ದಕ್ಕೂ ಹರಡೀತು. ದೇವೀರಿ ತುಟಿ ಕಚ್ಚಿಕೊಂಡು ಹಿಂದಿರುಗಿ ನಡೆದಳು. ಮೊದಲ ದಿನಕ್ಕೆ ಬೆರಳು ಸುಕ್ಕಾದವು. ಬಂಡೆಯ ಸಂದಿ ತಲುಪುವಾಗ ತೋಳು ಕಟ್ಟಿಗೆಯಾಗಿತ್ತು. ಹಾವು ಅವಳನ್ನು ಕಂಡು ತನ್ನ ಎರಡು ಸರದಿಯ ನೀರನ್ನೂ ಅವಳಿಗೇ ಕುಡಿಸಿತು. ಕಾಲುವೆ ತಲುಪುವಾಗ ಅವಳಿಗೆ ಹೆಜ್ಜೆ ಎತ್ತಿಡಲಾಗಲಿಲ್ಲ. ಮೊಸಳೆ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಹೊಂಬಂಡೆಯ ಕಡೆ ಓಡಿತು.

ಸೌದೆಯಾಗಬೇಕಿದ್ದವಳು ಬೆಟ್ಟದ ಬುಡ ಮುಟ್ಟಿದ್ದು ಶುಷ್ಕಾಂಗನಿಗೆ ತನ್ನ ಕೊಳದ ಕನ್ನಡಿಯಲ್ಲಿ ಕಂಡಿತು. ಅವನು ಕೋಪದಿಂದ ಕುರುಡಾದ. ಇಡೀ ಕೊಳವನ್ನೇ ಒಂದು ಅಲೆಯಾಗಿ ಎಬ್ಬಿಸಿ, ಅದರ ನೆತ್ತಿಯೇರಿ ಕೂತು, ಅವಳನ್ನು ಮುಳುಗಿಸಲು ಹೊರಟ. ಸಂದಿಯಲ್ಲಿ ಹಾವು ಹೆಡೆ ಎತ್ತಿ ಅಡ್ಡ ಮಲಗಿತು. ಎಡದ ತಲೆ ಒಂದು ಗಳಿಗೆ ತಡೆಯಿತು, ಬಲದ ತಲೆ ಒಂದು ಗಳಿಗೆ ತಡೆಯಿತು. ಆಮೇಲೆ ಅಲೆ ಹಾರಿಕೊಂಡು ಬಂತು.

ಆ ಎರಡು ಗಳಿಗೆಯಲ್ಲಿ ದೇವೀರಿ ಮೊಸಳೆಯ ಬೆನ್ನ ಮೇಲೆ ಮೂರು ಕೆರೆಗಳನ್ನೂ ದಾಟಿದಳು. ಹೂಳು ತೆಗೆದ ಕೆರೆಗಳು ಬಾಯಿ ತೆರೆದು ಕಾದಿದ್ದವು. ಕಲ್ಲಿನ ಏರಿಗಳು ಎದ್ದಿದ್ದವು. ಕಚ್ಚೆ ಕಟ್ಟಿ ಮಂಕರಿ ಹೊತ್ತಿದ್ದ ದೊರೆಯನ್ನು ಅವಳು ಗುರುತು ಹಿಡಿಯಲೇ ಇಲ್ಲ.

"ಕೊನೇ ಕಲ್ಲು ಈಗ ಕೂತಿತು ಮಗಳೇ!" ಎಂದು ಮಾದಯ್ಯ ಕೂಗಿದ. "ಏರಿ ನಿಲ್ತದೆ, ಹೆದರಬೇಡ!"

ದೇವೀರಿ ಮೊಸಳೆಯ ಬೆನ್ನಿನಿಂದ ಇಳಿದು ನೆತ್ತಿಯ ಬಂಡೆಗೆ ತೆವಳಿದಳು. ಅಲೆ ಬೆಟ್ಟಕ್ಕಿಂತ ಎತ್ತರಕ್ಕೆ ಎದ್ದು ಸೂರ್ಯನನ್ನೇ ಮುಚ್ಚಿತು. ಅವಳು ಒಣಗಿದ ಬಲಗೈಯನ್ನು ಎಡಗೈಯಿಂದ ಎತ್ತಿ, ಗಡಿಗೆಯನ್ನು ಬಂಡೆಗೆ ಅಪ್ಪಳಿಸಿದಳು.

ಗಡಿಗೆ ನೂರು ಚೂರಾಯಿತು. ಬಿಸಿಗಾಳಿಯಂತೆ ದಾಹ ಹೊರಬಂದು ಇಳಿಜಾರಿನುದ್ದಕ್ಕೂ ಹರಿಯಿತು. ನೆಲವೆಲ್ಲ ಒಮ್ಮೆಗೇ ಬಿರುಕುಬಿಟ್ಟು ಬಾಯಿ ತೆರೆಯಿತು. ಅಲೆ ಬಿತ್ತು. ನೆಲ ಗಟಗಟನೆ ಕುಡಿಯಿತು. ಕುಡಿದು ಮಿಕ್ಕಿದ್ದು ಮೇಲ್ಕೆರೆಗೆ ಇಳಿಯಿತು, ಅದರ ಕೋಡಿ ಬಿದ್ದು ನಡುಕೆರೆ ತುಂಬಿತು, ಅದೂ ಮಿಕ್ಕಿ ತಳಕೆರೆ ತುಂಬಿತು. ಮಾದಯ್ಯನ ಒಂದು ಕಲ್ಲೂ ಅಲುಗಲಿಲ್ಲ.

ಅಲೆ ಇಲ್ಲವಾದಾಗ ಶುಷ್ಕಾಂಗ ಬರಿನೆಲದ ಮೇಲೆ ನಿಂತಿದ್ದ. ಓಡಲು ಕಾಲೆತ್ತಿದ. ಆದರೆ ಅವನ ಮೈಯಲ್ಲಿದ್ದದ್ದೆಲ್ಲ ಕದ್ದ ನೀರೇ. ದಾಹಗೊಂಡ ನೆಲ ಅಂಗಾಲಿನಿಂದ ಅದನ್ನೂ ಎಳೆದುಕೊಂಡಿತು. ಉಳಿದದ್ದು ಒಣಗಿದ ಮುತ್ತುಗದ ಎಲೆಯಷ್ಟು. ಅದನ್ನೂ ಗಾಳಿ ಒಯ್ದಿತು.

ಜನ ದೇವೀರಿಯನ್ನು ಎತ್ತಿ ತಂದು ಮೇಲ್ಕೆರೆಯ ಸೋಪಾನದಲ್ಲಿ ಕೂರಿಸಿ, ಅವಳ ಕೈಯನ್ನು ನೀರಿಗೆ ಇಳಿಬಿಟ್ಟರು. ಮೂರು ದಿನಕ್ಕೆ ತೋಳು ತುಂಬಿತು, ಏಳನೆಯ ದಿನಕ್ಕೆ ಬೆರಳು ಮಡಚಲು ಬಂತು. ಆ ದಿನ ದೊರೆ ಅವಳಿಗೆ ಅರ್ಧ ರಾಜ್ಯ ಕೊಡುತ್ತೇನೆಂದ.

"ಅರ್ಧ ರಾಜ್ಯ ಇಟ್ಟುಕೊಂಡು ನಾನೇನು ಮಾಡ್ಲಿ ಬುದ್ಧಿ?" ಎಂದಳು ದೇವೀರಿ. "ವರ್ಷಾವರ್ಷ ಮುಂಗಾರಿಗೆ ಮುಂಚೆ ಮೂರು ದಿನ ಮನೆಗೊಬ್ಬರು ಹೂಳು ಎತ್ತಬೇಕು. ಅರಮನೆಯೂ ಒಂದು ಮನೆಯೇ. ಅಷ್ಟು ಅಪ್ಪಣೆ ಆಗಲಿ."

ಹಾಗೆಯೇ ಅಪ್ಪಣೆಯಾಯಿತು.

ಮುಂದಿನ ಮಳೆ ಒಂದು ಮಧ್ಯಾಹ್ನ ಬಂತು. ಊರೆಲ್ಲ ಏರಿಯ ಮೇಲೆ ನೆನೆಯುತ್ತ ನಿಂತಿತ್ತು. ಮಣ್ಣಿನ ಬಣ್ಣ ತಿರುಗಿತು, ಘಮ ಎದ್ದಿತು. ಆದರೆ ಎಷ್ಟು ಹೊತ್ತಾದರೂ ಕಾಲುವೆಯಲ್ಲಿ ನೀರು ಕಾಣಲಿಲ್ಲ.

"ಯಾಕಮ್ಮಾ ದೇವೀರಿ, ಕೆರೆಗೆ ಒಂದು ಹನಿಯೂ ಬರಲಿಲ್ಲವಲ್ಲ?" ಎಂದು ದೊರೆ ಗಾಬರಿಯಾದ.

ದೇವೀರಿ ನಕ್ಕಳು. "ಅದು ಕುಡೀತಾ ಇದೆ ಬುದ್ಧಿ. ಮೊದಲು ನೆಲದ ಸರದಿ, ಆಮೇಲೆ ನಮ್ಮದು."

ಅವರು ಕಾದರು. ಸಂಜೆಯ ಹೊತ್ತಿಗೆ ಬೆರಳಗಲದ ತಿಳಿನೀರು ಬಂಡೆ ಇಳಿದು, ದಾರಿ ಕೇಳಿಕೊಂಡು ಬಂದ ನೆಂಟನ ಹಾಗೆ, ಮೆಲ್ಲಗೆ ಮೇಲ್ಕೆರೆಯ ಒಳಗೆ ಕಾಲಿಟ್ಟಿತು. ಹೊಂಬಂಡೆಯವರು ಉಂಡುಟ್ಟು ತಣ್ಣಗೆ ಬಾಳಿದರು. ಕತೆ ಕೇಳಿದವರ ಬಾವಿಯೂ ತುಂಬಿರಲಿ.