ರಾಧಮ್ಮನ ಎಡೆ

ಸಬ್ ಇನ್ಸ್‌ಪೆಕ್ಟರ್ ಪರಮಶಿವಪ್ಪನಿಗೆ ಜೀಪಿರಲಿಲ್ಲ. ೧೯೫೮ರ ಅಕ್ಟೋಬರ್ ೧೩, ಸೋಮವಾರ ಬೆಳಿಗ್ಗೆ ಅಂಜನಾಪುರದ ಜಟ್ಟಪ್ಪ ಶಿಕಾರಿಪುರ ಠಾಣೆಗೆ ಬಂದು ಕಳವಿನ ದೂರು ಕೊಟ್ಟ. ಎಫ್‌ಐಆರ್ ಬರೆಸಿದ ಮೇಲೆ ಪರಮಶಿವಪ್ಪ ಪೇದೆ ಉಚ್ಚಂಗಪ್ಪನನ್ನು ಕರೆದುಕೊಂಡು ಸೈಕಲ್ಲಿನಲ್ಲೇ ಹೊರಟ.

ದೂರು ಇಷ್ಟು: ಹಿಂದಿನ ದಿನ ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ಕಳೆದ ಸುಗ್ಗಿಯಲ್ಲಿ ತೀರಿಕೊಂಡ ಹೆಂಡತಿ ರಾಧಮ್ಮನ ಹೆಸರಿನಲ್ಲಿ, ಅವಳು ಸತ್ತ ಕೋಣೆಯಲ್ಲೇ ಎಡೆ ಇಟ್ಟಿದ್ದರು. ಕಳಶಕ್ಕೆ ಅವಳ ಸೀರೆ ಉಡಿಸಿ, ಅವಳ ಬಂಗಾರದ ಗುಂಡಿನ ಸರ, ಕಟ್ಟಾಣಿ, ಹಾಕಿದ್ದರು. ಸತ್ತವಳು ಬಂದು ಉಂಡು ಹೋಗಲೆಂದು ರಾತ್ರಿ ಬಾಗಿಲು ಮುಚ್ಚಿ, ಕರೆದ ನೆಂಟರೊಂದಿಗೆ ಹೊರಗೆ ಕೂತಿದ್ದರು. ಬಾಗಿಲು ತೆಗೆದಾಗ ಕಟ್ಟಾಣಿ ಇರಲಿಲ್ಲ.

ಪಂಚರನ್ನು ಕರೆಸಿ ಪಂಚನಾಮೆ ಶುರು ಮಾಡಿದರು. ಎಲೆಯ ಮೇಲೆ ಹೋಳಿಗೆ, ಕರಿಗಡುಬು, ಚಕ್ಕುಲಿ, ಕೋಡುಬಳೆ, ಎಳ್ಳುಂಡೆ, ಪಕ್ಕದಲ್ಲಿ ಪಾನಕ. ಯಾವುದನ್ನೂ ಯಾರೂ ಮುಟ್ಟಿರಲಿಲ್ಲ. ಆರು ಗೋಲಿ ಸೋಡಾ ಬಾಟಲಿಗಳು ಮಾತ್ರ ಖಾಲಿಯಾಗಿದ್ದವು.

"ಒಳಗೆ ಸದ್ದೇನೂ ಆಗಲಿಲ್ವಾ?" ಎಂದು ಕೇಳಿದ ಪರಮಶಿವಪ್ಪ.

"ಆತ್ರೀ," ಎಂದ ಜಟ್ಟಪ್ಪ. "ಟಪ್ ಅಂತು, ಬುಸ್ ಅಂತು. ಆರು ಸಲ."

"ನೀವೇನು ಮಾಡಿದ್ರಿ?"

"ಎಲ್ಲಾ ಅಡ್ಡ ಬಿದ್ವಿರೀ."

ಉಚ್ಚಂಗಪ್ಪ ಒಂದು ಬಾಟಲಿ ಎತ್ತಿ ನೋಡಿದ. "ಈ ಗೋಲಿ ಒತ್ತೋಕೆ ನನ್ನ ಹೆಬ್ಬೆರಳಿಗೇ ಆಗಲ್ಲ ಸಾಹೇಬ್ರೆ. ದೆವ್ವಕ್ಕೆ ಒಳ್ಳೆ ತಾಕತ್ತು."

"ಬಾಗಿಲು ತೆಗೆದು ನೋಡೋಕೇನಾಗಿತ್ತು?" ಎಂದ ಪರಮಶಿವಪ್ಪ.

ಜಟ್ಟಪ್ಪನ ತಾಯಿ ವನಜಮ್ಮ ರೇಗಿದಳು. "ಹಿರೇರು ಉಣ್ಣುವಾಗ ಬಾಗ್ಲು ತೆಗೀತಾರೇನ್ರೀ? ಕಣ್ಣು ಹೋಗ್ತಾವು."

"ಆ ಹಿತ್ತಲ ಬಾಗಿಲು?"

"ಅದನ್ನ ಹಾಕಂಗಿಲ್ರೀ. ಅವರು ಬರೋದೇ ಅದ್ರಾಗಿಂದ."

ಕಳ್ಳ ಬೀಗ ಮುರಿದಿರಲಿಲ್ಲ, ಹೆಂಚು ತೆಗೆದಿರಲಿಲ್ಲ. ತೆರೆದಿಟ್ಟ ಬಾಗಿಲಿಂದ ಬಂದು ಸದ್ದು ಮಾಡಿಕೊಂಡೇ ಕದ್ದಿದ್ದ. ಹೊರಗಿದ್ದವರು ಅವನಿಗೆ ಕೈಮುಗಿದಿದ್ದರು. ಪರಮಶಿವಪ್ಪ ಬಗ್ಗಿ ನೆಲ ಮುಟ್ಟಿದ. ಎಡೆಯ ಸುತ್ತ ನೆಲ ಒಣಗಿತ್ತು. ಎದುರು ಮೂಲೆಯಲ್ಲಿ ಮಾತ್ರ ಸಗಣಿ ಸಾರಿಸಿದ ನೆಲ ನೆನೆದು ಮೆತ್ತಗಾಗಿತ್ತು.

"ಈ ಮೂಲೇಲಿ ಮೊದಲು ಏನಿತ್ತು?"

ಜಟ್ಟಪ್ಪ ತಾಯಿಯ ಮುಖ ನೋಡಿದ. "ಏನೂ ಇರ್ಲಿಲ್ರೀ."

"ಬಾಣಂತಿ ಮಂಚ ಇತ್ತು," ಎಂದಳು ಬಾಗಿಲಲ್ಲಿ ನಿಂತಿದ್ದ ಸೂಲಗಿತ್ತಿ ಹನುಮಮ್ಮ. "ಹೇಳಾಕೆ ಯಾಕೆ ನಾಚ್ಕಿ?"

ಅವಳ ಹೇಳಿಕೆಯನ್ನು ಪರಮಶಿವಪ್ಪ ಅಲ್ಲೇ ಕೂತು ಬರೆದುಕೊಂಡ. ಕೊಯ್ಲಿಗೆ ಆಳು ಕಡಿಮೆಯಾಗುತ್ತದೆಂದು ಚೊಚ್ಚಲ ಹೆರಿಗೆಗೂ ರಾಧಮ್ಮನನ್ನು ತವರಿಗೆ ಕಳಿಸಿರಲಿಲ್ಲ. ಹೆತ್ತ ಮೂರನೇ ದಿನ ಜ್ವರ ಏರಿತು. ಬಾಣಂತಿಗೆ ನೀರು ಕೊಡಬಾರದೆಂದು ವನಜಮ್ಮ ಕೊಡವನ್ನೇ ಆಚೆ ಇಟ್ಟಳು. ಹುಡುಗಿ ಒಂದು ಸೋಡಾನಾದರೂ ಕೊಡಿ ಎಂದು ಕೈಮುಗಿದಳು. ಸೊರಬದ ಕಡೆಯ ಕುಪ್ಪಗಡ್ಡೆಯಿಂದ ಬಂದ ತಾಯಿ ವರದಮ್ಮ ಮಂಚದ ಹತ್ತಿರ ನೀರಿನ ತಂಬಿಗೆ ಒಯ್ದಾಗ ಅದನ್ನು ಕಿತ್ತುಕೊಂಡು ಅವಳನ್ನು ಹೊರಗೆ ದಬ್ಬಿದರು. ಸಂಜೆಯೊಳಗೆ ಮಗಳು ಸತ್ತಳು.

"ಡಾಕ್ಟರನ್ನ ಕರೆಸಿದ್ಯಾ?"

"ಕೊಯ್ಲು ನಡೆದಿತ್ರೀ," ಎಂದ ಜಟ್ಟಪ್ಪ.

"ಅವತ್ತು ಒಂದು ಸೋಡಾ ಕೊಡದೋರು ಈಗ ಆರು ಇಟ್ಟಿದ್ದೀರಲ್ಲ?"

"ಇಡದಿದ್ರೆ ಬಿಡ್ತಾಳೇನ್ರೀ?" ಎಂದಳು ವನಜಮ್ಮ. "ಬಾಣಂತಿ ದೆವ್ವ ಬಾಳ ಕೆಟ್ಟದ್ದು. ದೀಪಾವಳಿ ಆದ್ಮ್ಯಾಲೆ ಇವನ ಮದುವಿ ಐತಿ. ಬರೋ ಸೊಸೀಗೆ ಕಾಟ ಕೊಡಬಾರ್ದು ನೋಡ್ರಿ. ಕಟ್ಟಾಣೀನೂ ಆಕೀಗೇ ಹಾಕೋದಿತ್ತು."

"ವರದಮ್ಮನಿಗೆ ಹಬ್ಬಕ್ಕೆ ಹೇಳಿ ಕಳಿಸಿದ್ರಾ?"

"ಆಕೀನ ಯಾಕ್ರೀ ಕರೀಬೇಕು?"

ಪರಮಶಿವಪ್ಪ ಪೆನ್ನಿನ ಮುಚ್ಚಳ ಹಾಕಿದ. ರಾತ್ರಿ ಮನೆ ಹೊಕ್ಕು ಕದ್ದವರಿಗೆ ೪೫೭, ೩೮೦ನೇ ಕಲಂಗಳನ್ನು ಆಗಲೇ ಬರೆದಾಗಿತ್ತು. ಈ ಇಬ್ಬರ ಮೇಲೆ ಬರೆಯಲು ಅವನಿಗೆ ಯಾವ ಕಲಮೂ ಹೊಳೆಯಲಿಲ್ಲ. ಹೊರಗೆ ಬಂದು, "ಹಲ್ಕಾ ಜನ," ಎಂದು ಉಗಿದ.

ಮರುದಿನ ಪರಮಶಿವಪ್ಪ, ಉಚ್ಚಂಗಪ್ಪ ಇಬ್ಬರೂ ಸೊರಬದ ಬಸ್ಸು ಹತ್ತಿದರು. ಹಬ್ಬದ ಮರುದಿನ ಮೊದಲ ಬಸ್ಸಿಗೆ ಒಬ್ಬಳೇ ಹತ್ತಿ ಸೊರಬದಲ್ಲಿ ಇಳಿದ ಹೆಂಗಸನ್ನು ಕಂಡಕ್ಟರು ನೆನಪಿಟ್ಟಿದ್ದ. ಅವಳ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತಂತೆ.

ಕುಪ್ಪಗಡ್ಡೆಯ ಮನೆಯ ಜಗುಲಿಯಲ್ಲಿ ವರದಮ್ಮ ರಾಧಮ್ಮನ ಹನ್ನೊಂದು ತಿಂಗಳ ಕೂಸಿಗೆ ಗಂಜಿ ಉಣಿಸುತ್ತಿದ್ದಳು. ಕಟ್ಟಾಣಿ ಕೂಸಿನ ಕೊರಳಲ್ಲೇ ಇತ್ತು.

"ನಿನ್ನೇನೇ ಬರ್ತೀರಿ ಅಂದ್ಕಂಡಿದ್ದೆ," ಎಂದಳು.

"ಇದು ಎಲ್ಲಿಂದ ಬಂತು?"

"ನಾನೇ ತಂದೆ. ಮದುವೇಲಿ ಮಗಳಿಗೆ ಹಾಕಿದ್ದೂ ನಾನೇಯ. ಇನ್ಯಾರದೋ ಕೊರಳಿಗೆ ಯಾಕೆ ಹೋಗ್ಬೇಕು? ಈ ಮಗೀಗಿರ್ಲಿ. ಹೆಣ್ಣು ಅಂತ ಅಪ್ಪ ಅನ್ನಿಸ್ಕಂಡೋನು ಒಂದ್ಸಲ ಬಂದು ಮುಖ ನೋಡ್ಲಿಲ್ಲ."

"ಬಂಗಾರಕ್ಕೆ ಬಂದೋಳು ಸೋಡಾ ಯಾಕೆ ಚೆಲ್ಲಿದೆ?"

"ಚೆಲ್ಲಲಿಲ್ಲ ಸ್ವಾಮಿ," ಎಂದಳು ವರದಮ್ಮ. "ಕುಡಿಸಿದೆ."

ಉಚ್ಚಂಗಪ್ಪ ಅಂಗಳದ ಕಡೆ ಮುಖ ತಿರುಗಿಸಿದ. ಪರಮಶಿವಪ್ಪ, "ಅವನ ಮನೇಲಿದ್ದ ಮಾಲು ಕಣವ್ವಾ. ಕೇಳಿ ಪಡೀಬೇಕಿತ್ತು," ಎಂದ.

"ಕೇಳಿದ್ದೆ. ನೀರೂ ಕೇಳಿದ್ದೆ."

ಅವಳೇ ಕಟ್ಟಾಣಿ ಬಿಚ್ಚಿ ಕೊಟ್ಟಳು. ಕೂಸು ಕೈಚಾಚಿ ಅತ್ತಿತು. ಜಪ್ತಿ ಪಂಚನಾಮೆ ಮುಗಿಸಿ, ದಸ್ತಗಿರಿ ಮಾಡಿ, ಕೂಸಿನ ಸಮೇತ ಅವಳನ್ನು ಬಸ್ಸಿಗೆ ಹತ್ತಿಸಿದರು.

ಸಂಜೆ ಠಾಣೆಗೆ ಬಂದ ಜಟ್ಟಪ್ಪ ಕಟ್ಟಾಣಿಯ ಗುಂಡುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ತನ್ನದೇ ಎಂದು ರುಜು ಹಾಕಿದ. ಬೆಂಚಿನ ಮೇಲೆ ಮಲಗಿದ್ದ ಮಗಳನ್ನು ದಾಟಿಕೊಂಡು ಹೋದ; ಯಾರ ಮಗು ಎಂದೂ ಕೇಳಲಿಲ್ಲ.

ಜಟ್ಟಪ್ಪನದು ಏನೂ ಹೋಗಿರಲಿಲ್ಲ. ವರದಮ್ಮನಿಗೆ ಹೋದದ್ದು ಒಬ್ಬಳೇ ಮಗಳು. ಕೂಸಿಗೆ ಹೋದದ್ದು ತಾಯಿ ಒಬ್ಬಳು, ಕಟ್ಟಾಣಿ ಒಂದು.