ನಾವಾಳ ಮರಕ್ಕೆ ಬಿದ್ದ ದಂಡ

"ಕಡಿಯೋದೇ ಆದ್ರೆ ಇದೊಂದನ್ನ ಬಿಟ್ಬಿಡಪ್ಪ. ಇದು ನಮ್ಮ ನಾವಾಳ ಮರ," ಎಂದರು ಕೆಸೆ ಅಜ್ಜ.

ಸನೋಂಗ್ ಗರಗಸದ ಯಂತ್ರವನ್ನು ಕೆಳಗಿಡಲೂ ಇಲ್ಲ. ಬಯಲಿನ ಪೇಟೆಯಿಂದ ಈ ಕರೆನ್ ಬುಡಕಟ್ಟಿನವರ ಗುಡ್ಡಕ್ಕೆ ಬಂದ ಮೂರೇ ದಿನಕ್ಕೆ ಊರಿನವರ ಕಾಡಿನಲ್ಲಿ ಹನ್ನೊಂದು ಮರ ಉರುಳಿಸಿದ್ದ ಕಳ್ಳ ಅವನು. ಹನ್ನೆರಡನೆಯದಕ್ಕೆ ಬಿದಿರಿನ ಅಂಡೆಯೊಂದನ್ನು ಕಟ್ಟಿದ್ದರು. ಒಳಗಿದ್ದದ್ದು ಎಂಟು ತಿಂಗಳ ನಾವಾಳ ಹೊಕ್ಕಳುಬಳ್ಳಿ. ಮಗುವಿನ ಜೀವಕ್ಕೆ ಆ ಮರವೇ ಮನೆ ಎಂದು ಅಜ್ಜ ವಿವರಿಸಿದರು.

"ಕಡಿದ್ರೆ ದಂಡ ಎಷ್ಟಜ್ಜ?"

"ಒಂದು ಕೋಳಿ."

ಸನೋಂಗ್ ಬಿದ್ದು ಬಿದ್ದು ನಕ್ಕ. "ಇಷ್ಟು ದಪ್ಪ ಮರಕ್ಕೆ ಒಂದೇ ಕೋಳಿಯಾ? ಅಗ್ಗವಾಯ್ತು ಬಿಡಿ."

ಯಂತ್ರ ಅರಚಿತು. ಹಸಿ ಕಾಂಡದ ಒಗರು ವಾಸನೆ ಮೂಗಿಗೆ ಅಡರಿತು. ಮರ ಬಿದ್ದ ಹೊಡೆತಕ್ಕೆ ಅಂಡೆ ಸೀಳಿಹೋಯಿತು. ಸುಮ್ಮನಿರಲಾರದ ಸನೋಂಗ್ ಅಣಕಿಸುತ್ತ ಎದೆ ತಟ್ಟಿಕೊಂಡು ಕರೆದ. "ಬಾರೇ ನಾವಾ, ಇಲ್ಲೇ ಇದ್ಬಿಡು."

ಅಜ್ಜನ ಮುಖ ಬಿಳಿಚಿತು. "ಕರೀಬಾರ್ದಿತ್ತು ಕಣೋ. ಕಡಿದವನೇ ಕರೆದ್ರೆ ಮಗು ಜೀವ ಅವನೊಳಗೇ ಬಂದ್ಬಿಡುತ್ತೆ."

ಸನೋಂಗನ ಗಂಟಲಲ್ಲಿ ಎದೆಹಾಲಿನ ವಾಸನೆ ಎದ್ದಿತು. ಪಕ್ಕೆಲುಬಿನ ಒಳಗೆ ಏನೋ ಸಣ್ಣದು ಮಗ್ಗುಲು ಬದಲಿಸಿತು. ಅವನು ಹೆದರಿ ಲಾರಿಯ ಕಡೆ ಓಡಿದ. ಅಷ್ಟರಲ್ಲಿ ಗುಡಿಸಲಿನಿಂದ ನಾವಾಳ ತಾಯಿ ಮೂಪೊ ಚೀರಿದಳು. ಅಜ್ಜ ಅವನ ಅಂಗಿ ಹಿಡಿದು ಅಲ್ಲಿಗೆ ಎಳೆದೊಯ್ದರು. ಮಗುವಿನ ತುಟಿ ನೀಲಿಗಟ್ಟಿತ್ತು. ಅವನು ಹತ್ತಿರ ಬಂದಂತೆ ಕೆಂಪಾಯಿತು. ನಂಬಲಾರದೆ ಅವನು ಹಿಂದೆ ಸರಿದ. ಮತ್ತೆ ನೀಲಿ.

"ಇನ್ನೊಂದು ಹೆಜ್ಜೆ ಹಿಂದಕ್ಕಿಟ್ರೆ ಕಾಲು ಮುರೀತೀನಿ," ಎಂದಳು ಮೂಪೊ.

"ಹೊಸ ಭತ್ತ ಬರ್ಲಿ. ಅನ್ನ ಇಟ್ಟು ಜೀವಾನ ಕರೆದು ಬೇರೆ ಮರಕ್ಕೆ ಕೂರಿಸ್ತೀವಿ," ಎಂದರು ಅಜ್ಜ. "ಅಲ್ಲೀವರೆಗೆ ನೀನೇ ಮರ."

ಸನೋಂಗ್ ಅವರ ಜಗಲಿಯಲ್ಲೇ ಉಳಿದ. ನಿದ್ದೆಯಿಲ್ಲ. ಮಗು ಕೆಮ್ಮಿದರೆ ಅವನ ಎದೆ ನಡುಗುತ್ತಿತ್ತು. ಹತ್ತಾರು ಸಲ ಎದ್ದು ಅದರ ಉಸಿರು ನೋಡುತ್ತಿದ್ದ. ಆ ಪುಂಡನಿಗೆ ಇಂಥ ಕರುಳು ಎಲ್ಲಿತ್ತೋ, ದೇವರೇ ಬಲ್ಲ.

ಒಂಬತ್ತನೆಯ ಬೆಳಿಗ್ಗೆ ಅರಣ್ಯ ಇಲಾಖೆಯ ಜೀಪು ಬಂತು. ಮೊದಲ ಮರ ಬಿದ್ದ ದಿನವೇ ಅಜ್ಜ ನಡೆದು ಹೋಗಿ ದೂರು ಕೊಟ್ಟಿದ್ದರು.

"ದೂರು ನಂದೇ ಸಾಹೇಬ್ರೆ, ವಾಪಸ್ ತಗೋತೀನಿ. ಇವನನ್ನ ಕರ್ಕೊಂಡು ಹೋಗ್ಬೇಡಿ," ಎಂದು ಅಜ್ಜ ಕೈಮುಗಿದರು.

"ಕಾಡಿನ ಕೇಸಲ್ಲಿ ವಾಪಸ್ಸು ಗೀಪಸ್ಸು ಇಲ್ಲಜ್ಜ. ಇವನಿಗೆ ಜೈಲೇ," ಎಂದ ಅಧಿಕಾರಿ.

"ಹಂಗಾದ್ರೆ ನನ್ನೂ ಮಗೂನೂ ಜೀಪಲ್ಲಿ ಹತ್ತಿಸ್ಕೊಳ್ಳಿ," ಎಂದಳು ಮೂಪೊ.

ಅಧಿಕಾರಿ ನಕ್ಕ. "ಇದೇನು ಸಂತೆ ಬಸ್ಸಾ ತಾಯಿ?"

ಬೇಡಿ ಬಿತ್ತು. ಸನೋಂಗ್ ಒದ್ದಾಡಿದ. "ಸಾರ್, ಇಲ್ಲೇ ಈ ಕಂಬಕ್ಕೇ ಕಟ್ಟಾಕಿ. ಎಷ್ಟು ವರ್ಷ ಆದ್ರೂ ಇರ್ತೀನಿ." ಯಾರೂ ಕೇಳಲಿಲ್ಲ. ಬಾಗಿಲು ಬಡಿಯಿತು. ಜೀಪು ಹೊರಟಿತು. ಧೂಳು. ಹಿಂದೆ ಮೂಪೊ. ಎದೆಗೆ ಅವುಚಿದ ಮಗು. ಓಡುತ್ತಿದ್ದಳು. ಬಿದ್ದಳು. ಎದ್ದಳು. ಮತ್ತೆ ಓಡಿದಳು. ಸನೋಂಗನ ಎದೆಯೊಳಗೆ ಮಗುವೊಂದು ಗಟ್ಟಿಯಾಗಿ ಅಳತೊಡಗಿತು.

ಜೀಪು ಹಳ್ಳ ದಾಟಿತು. ಅವನು ಕಿಟಕಿಯಿಂದ ತಿರುಗಿ ನೋಡಿದ. ಮೂಪೊ ಓಡುವುದನ್ನು ನಿಲ್ಲಿಸಿ, ಅಲುಗಾಡದ ಮಗುವನ್ನು ಮಡಿಲಲ್ಲಿಟ್ಟುಕೊಂಡು ರಸ್ತೆಯಲ್ಲೇ ಕುಳಿತುಬಿಟ್ಟಿದ್ದಳು.